ಸಂಚಿ ಹಿಡಿದ ಕೈ

ಹೊಸ ಸಹಾಯಕನೊಡನೆ ಕೆಲಸಕ್ಕೆ ತೊಡಗುವಾಗ ಮೇಲಿನವನು ಮೊದಲು ಏನನ್ನು ಅರಿಯಬೇಕು? 'ಹೇಳಿದ್ದನ್ನು ಮಾಡಬಲ್ಲನೇ?' ಎಂದಷ್ಟೇ ನಾವು ಕೇಳುತ್ತೇವೆ. ಕೊಳ್ಳೇಗಾಲದ ನಮ್ಮ ಕಾಲೇಜಿಗೆ ಹನೂರಿನ ಕಡೆಯ ತರುಣನೊಬ್ಬನು ಸಹಾಯಕನಾಗಿ ಬಂದಾಗ ನನಗೆ ನೆನಪಾದವಳು ನೆರೆಯ ಯಳಂದೂರಿನ ಹೊನ್ನಮ್ಮ.

ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಅರಮನೆಯಲ್ಲಿ ಆಕೆ ರಾಣಿಯ ಎಲೆಯಡಿಕೆ ಸಂಚಿ ಹಿಡಿಯುವ ಊಳಿಗದವಳು. ಸಂಚಿ ಹಿಡಿಯುವುದಕ್ಕೆ ಕವಿತ್ವವೇನೂ ಬೇಕಿಲ್ಲ. ಆಕೆಗೆ ಗುರುವಾಗಿದ್ದ ಸಿಂಗರಾರ್ಯನು ಆ ಶಕ್ತಿಯನ್ನು ಗುರುತಿಸಿ ದೊರೆಯ ಕಿವಿಗೆ ಹಾಕಿದನು. ಇದು ಸಣ್ಣ ಮಾತಲ್ಲ. 'ಮಿತ್ರವಿಂದಾ ಗೋವಿಂದ' ನಾಟಕವನ್ನು ಬರೆದ ಸಿಂಗರಾರ್ಯನು ತಾನೂ ಆಸ್ಥಾನದ ಕವಿಯೇ. ಸುಮ್ಮನಿದ್ದಿದ್ದರೆ ಅವನನ್ನು ಕೇಳುವವರಾರು? ನಮ್ಮ ಕಚೇರಿಗಳಲ್ಲಿ ಬಹುಪಾಲು ಹಿರಿಯರು ಸುಮ್ಮನಿರುವವರೇ. ಕೈಕೆಳಗಿನವನ ಜಾಣತನ ಬಾಗಿಲಾಚೆ ಹೋಗದಂತೆ ಕಾಯುವುದನ್ನೇ ಆಡಳಿತವೆಂದು ತಿಳಿದವರು.

ಹೊನ್ನಮ್ಮ ಬರೆದ 'ಹದಿಬದೆಯ ಧರ್ಮ' ಪತಿವ್ರತೆಯ ನಡೆಯನ್ನು ಬೋಧಿಸುವ ಸಾಂಗತ್ಯ ಕಾವ್ಯ. ಅರಮನೆಗೆ ಒಪ್ಪುವ ವಸ್ತುವೇ. ಆದರೆ ಅದರ ನಡುವೆಯೇ ಆಕೆ ಹೆಣ್ಣನ್ನು ಹೀಗಳೆಯುವವರನ್ನು ನಿಲ್ಲಿಸಿ ಕೇಳುತ್ತಾಳೆ. ಮಾತಿಗೆ ಎಡೆಕೊಟ್ಟ ಮೇಲೆ ಮಾತು ನಮ್ಮ ಕಡೆಗೂ ತಿರುಗೀತು. ಹನೂರಿನ ತರುಣನು ಈವರೆಗೆ ನಾನು ಹೇಳಿದ್ದಕ್ಕೆಲ್ಲ 'ಆಗಲಿ ಸಾರ್' ಎಂದಿದ್ದಾನೆ. ಅದೊಂದೇ ನನಗೆ ಸ್ವಲ್ಪ ಚಿಂತೆ.