ಹನಿಯ ಪ್ರಾಮಾಣ್ಯ

ಪ್ರಮಾಣ ಎಂಬ ಒಂದೇ ಪದ ಕನ್ನಡದಲ್ಲಿ ಅಳತೆಯನ್ನೂ, ಜ್ಞಾನವನ್ನು ಹುಟ್ಟಿಸುವ ಸಾಧನವನ್ನೂ, ಆಣೆಯನ್ನೂ ಸೂಚಿಸುತ್ತದೆ. ಆಣೆಯನ್ನು ನ್ಯಾಯಾಲಯಕ್ಕೆ ಬಿಟ್ಟರೆ, ಉಳಿದೆರಡು ಅರ್ಥಗಳು ಕೂಡುವುದು ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದಂಥ ಕಡೆ ದಿನವೂ ಕೈಗೆ ಬರುವ ಮೈಕ್ರೊಪಿಪೆಟ್‌ನಲ್ಲಿ, ಎಂದರೆ ಲೀಟರಿನ ಹತ್ತು ಲಕ್ಷದಲ್ಲೊಂದು ಪಾಲಾದ ಮೈಕ್ರೊಲೀಟರಿನ ಲೆಕ್ಕದಲ್ಲಿ ದ್ರವವನ್ನು ಎತ್ತಿ ಬಿಡುವ ಉಪಕರಣದಲ್ಲಿ.

ಅದರ ಕಿಂಡಿಯಲ್ಲಿ 100 ಎಂದು ಕಂಡ ಮಾತ್ರಕ್ಕೆ ಒಳಗೆ ಅಷ್ಟೇ ಇದೆಯೆಂದು ನಂಬಬಹುದೆ? ಜ್ಞಾನದ ಪ್ರಾಮಾಣ್ಯ, ಅಂದರೆ ಅದರ ಯಥಾರ್ಥತೆ, ಸ್ವತಃಸಿದ್ಧ, ಬಾಧಕ ಕಾಣುವವರೆಗೆ ಸಂಶಯ ಬೇಡ ಎಂದು ಮೀಮಾಂಸಕರೂ ಅದ್ವೈತಿಗಳೂ ಹೇಳಿದರೆ, ಅದು ಪರತಃ, ಅಂದರೆ ಬೇರೊಂದರಿಂದ ತಿಳಿಯತಕ್ಕದ್ದು ಎನ್ನುತ್ತಾರೆ ನ್ಯಾಯದರ್ಶನದ ನೈಯಾಯಿಕರು. ಕೊಚ್ಚಿಯ ಸಮೀಪದ ಕಾಲಡಿ ಅದ್ವೈತಿ ಶಂಕರರ ಜನ್ಮಸ್ಥಳವೆಂದು ಪ್ರಸಿದ್ಧವಾದರೂ, ಪ್ರಯೋಗಾಲಯ ಹಿಡಿದಿರುವುದು ನ್ಯಾಯದ ಪಕ್ಷವನ್ನೇ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮೈಕ್ರೊಲೀಟರ್ ಶುದ್ಧ ನೀರನ್ನು ಸೂಕ್ಷ್ಮ ತಕ್ಕಡಿಗೆ ಬಿಟ್ಟಾಗ ಅದು ಸುಮಾರು 99.7 ಮಿಲಿಗ್ರಾಂ ತೋರಬೇಕು. ಆ ತಕ್ಕಡಿಗೆ ಆಧಾರವೇನು ಎಂದು ಕೇಳುತ್ತ ಹೋದರೆ ಒದಗುವುದು ಅನವಸ್ಥೆ, ಅಂದರೆ ಕೊನೆಯಿಲ್ಲದ ಆಧಾರಗಳ ಸರಣಿ. ಆದರೆ 2019ರಿಂದ ಕಿಲೋಗ್ರಾಂ ಪ್ಲಾಂಕ್ ಸ್ಥಿರಾಂಕ ಎಂಬ ಭೌತಿಕ ಸ್ಥಿರಾಂಕಕ್ಕೆ ಒಪ್ಪಿ ಗೊತ್ತುಮಾಡಿದ ಬೆಲೆಯ ಮೂಲಕ ನಿರೂಪಿತವಾಗಿರುವುದರಿಂದ, ಸರಣಿ ನಿಲ್ಲುವುದು ಯಾವುದೇ ಲೋಹದ ಬಟ್ಟಿನಲ್ಲಲ್ಲ, ಮನುಷ್ಯರ ಒಪ್ಪಂದದಲ್ಲಿ.

ಒಪ್ಪಂದವೇನೋ ಸರಿ, ಹೆಬ್ಬೆರಳು ಅದಕ್ಕೆ ಬದ್ಧವಾಗಿರಬೇಕಲ್ಲ. ಪಿಪೆಟ್‌ನ ಗುಂಡಿಯನ್ನು ಮೊದಲ ತಡೆಯವರೆಗೆ ಒತ್ತಿ, ತುದಿಯನ್ನು ಕೆಲವೇ ಮಿಲಿಮೀಟರ್ ಅದ್ದಿ, ನಿಧಾನವಾಗಿ ಸಡಿಲಿಸದಿದ್ದರೆ ದ್ರವದ ಜಾಗದಲ್ಲಿ ಗಾಳಿಗುಳ್ಳೆ ಕೂರುತ್ತದೆ. ಗ್ಲಿಸರಾಲಿನಂಥ ಮಂದ ದ್ರವಕ್ಕಾದರೆ ಕ್ರಮವೇ ತಿರುಗುಮುರುಗು: ಎರಡನೆಯ ತಡೆಯವರೆಗೆ ಒತ್ತಿ ಬೇಕಾದ್ದಕ್ಕಿಂತ ಹೆಚ್ಚು ಎಳೆದು, ಮೊದಲ ತಡೆಯವರೆಗಷ್ಟೇ ಬಿಟ್ಟಾಗ, ಮಿಕ್ಕದ್ದು ತುದಿಯೊಳಗೇ ಉಳಿಯುತ್ತದೆ.