ಸುಮ್ಮನಿರುವುದೂ ಸುಳ್ಳಾಗುತ್ತದೆಯೇ?



*ಇಂದಿನ ಧಮ್ಮ ಚಿಂತನೆ*
ನಮ್ಮ ಅಧ್ಯಯನ ಬಳಗ, ನಂದಗಡ

ಧಮ್ಮಬಂಧುಗಳೇ,

ಪಂಚಶೀಲದ ನಾಲ್ಕನೆಯ ಶೀಲ ನಮಗೆಲ್ಲ ಬಾಯಿಪಾಠ. ಸುಳ್ಳು ಮಾತಿನಿಂದ ದೂರವಿರುತ್ತೇನೆ ಎಂದು ಪ್ರತಿ ವಂದನೆಯಲ್ಲೂ ಹೇಳುತ್ತೇವೆ. ಆದರೆ ಹೇಳಬೇಕಾದ ಮಾತನ್ನು ಹೇಳದೆ ಸುಮ್ಮನಿದ್ದರೆ ಆ ಶೀಲ ಮುರಿಯುತ್ತದೆಯೇ? ಈ ಪ್ರಶ್ನೆ ಈಚೆಗೆ ನಮ್ಮ ಬಳಗದಲ್ಲೇ ಎದ್ದಿತು.

ನಮ್ಮ ತಮ್ಮನೊಬ್ಬ ಬೆಳಗಾವಿಯ ಡೀಲರ್ ಒಬ್ಬರಿಂದ ಹಳೆಯ ಕಾರು ಕೊಂಡ. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಪ್ರತಿ ಸಲ ಬಸ್ಸಿಗೆ ಕಾಯುವುದು ತಪ್ಪಲಿ ಎಂದು ಕೂಡಿಟ್ಟ ಹಣ ಅದು. ತಿಂಗಳು ಕಳೆದ ಮೇಲೆ ಹಾರ್ನ್ ಕೆಟ್ಟಿತು. ಗ್ಯಾರೇಜಿನವರು ಸ್ಟೇರಿಂಗಿನ ನಡುವಿನ ಕವರ್ ಬಿಚ್ಚಿ ನೋಡಿದರೆ ಒಳಗೆ ಏರ್‌ಬ್ಯಾಗೇ ಇಲ್ಲ. ಹಿಂದೆ ಎಲ್ಲೋ ಅಪಘಾತವಾಗಿ ಅದು ಸಿಡಿದಿತ್ತು. ಹೊಸದು ಹಾಕಿಸುವ ಬದಲು ಮೇಲೊಂದು ಕವರ್ ಕೂಡಿಸಿದ್ದರು. ಏರ್‌ಬ್ಯಾಗ್ ಕೆಟ್ಟರೆ ಉರಿಯಬೇಕಾದ ಮೀಟರಿನ ಕೆಂಪು ದೀಪವನ್ನೂ ತೆಗೆದಿದ್ದರು.

ಅವನು ಡೀಲರ್ ಹತ್ತಿರ ಹೋಗಿ ಕೇಳಿದ್ದಕ್ಕೆ ಬಂದ ಉತ್ತರ: "ನಾ ಏನರ ಸುಳ್ಳ ಹೇಳೇನೇನು? ನೀ ಕೇಳಲಿಲ್ಲ, ನಾ ಹೇಳಲಿಲ್ಲ."

ತಮ್ಮ ನಮ್ಮ ಮುಂದೆ ಎರಡು ಮಾತು ಕೇಳಿದ. "ಸರ, ಅವ ಸುಳ್ಳ ಹೇಳಿಲ್ಲ ಅಂತಾನ, ಖರೇನರಿ? ಹಂಗಾರ ನಾನೂ ಇದನ್ನ ಮುಂದಿನವಗ ಮಾರಿ ಬಿಡ್ಲೇನ್ರಿ? ನಾನೂ ಸುಳ್ಳ ಹೇಳುದಿಲ್ಲ, ಸುಮ್ಮನ ಇರತೇನಿ."

ಇಂದಿನ ಚಿಂತನೆ ಈ ಎರಡು ಪ್ರಶ್ನೆಗಳ ಮೇಲೆ.

*1. ವಿನಯ ಏನು ಹೇಳುತ್ತದೆ?*

ಭಿಕ್ಖು ಸಂಘದಲ್ಲಿ ಉಪೋಸಥದ ದಿನ ಪಾತಿಮೊಕ್ಖದ ನಿಯಮಗಳನ್ನು ಓದುತ್ತಾರೆ. ತಪ್ಪು ಮಾಡಿದವರು ಹೇಳಿಕೊಳ್ಳಬೇಕು, ಮಾಡದವರು ಮೌನವಾಗಿರಬೇಕು. ಮೌನ ಎಂದರೆ 'ನಾನು ಶುದ್ಧ' ಎಂದೇ ಅರ್ಥ. ಮೂರು ಸಲ ಕೇಳುತ್ತಾರೆ. ಮೂರು ಸಲ ಕೇಳಿದರೂ, ತಪ್ಪು ನೆನಪಿದ್ದೂ ಯಾರಾದರೂ ಸುಮ್ಮನೆ ಕುಳಿತರೆ ಅದನ್ನು ವಿನಯವು 'ಸಂಪಜಾನ ಮುಸಾವಾದ' ಎನ್ನುತ್ತದೆ. ಅಂದರೆ ಗೊತ್ತಿದ್ದೂ ಆಡಿದ ಸುಳ್ಳು. ಆತ ತುಟಿ ಬಿಚ್ಚಿರುವುದಿಲ್ಲ, ಆದರೂ ಅದು ಸುಳ್ಳೇ. ಏಕೆಂದರೆ ಆ ಮೌನವನ್ನು ಎದುರಿನವರು 'ಎಲ್ಲ ಸರಿಯಿದೆ' ಎಂದು ಓದಿಕೊಳ್ಳುತ್ತಾರೆ ಎಂಬುದು ಅವನಿಗೆ ಗೊತ್ತಿರುತ್ತದೆ.

ಅಟ್ಟಕಥೆಗಳಲ್ಲಿ ಸುಳ್ಳಿಗೆ ನಾಲ್ಕು ಅಂಗ ಹೇಳಿದ್ದಾರೆ: ವಿಷಯ ನಿಜವಲ್ಲದ್ದಾಗಿರಬೇಕು, ಮೋಸಗೊಳಿಸುವ ಮನಸ್ಸಿರಬೇಕು, ಅದಕ್ಕೆ ತಕ್ಕ ಪ್ರಯತ್ನ ಇರಬೇಕು, ಅದು ಇನ್ನೊಬ್ಬರಿಗೆ ತಲುಪಬೇಕು. ಪ್ರಯತ್ನ ಬಾಯಿಂದಲೇ ಆಗಬೇಕೆಂದಿಲ್ಲ, ಕೈಯಿಂದಲೂ ಆಗಬಹುದು. ಖಾಲಿ ಜಾಗದ ಮೇಲೆ ಕವರ್ ಕೂಡಿಸಿದ್ದು, ದೀಪ ಕಿತ್ತದ್ದು ಕೈ ಆಡಿದ ಸುಳ್ಳು. ಹಣ ಎಣಿಸಿಕೊಳ್ಳುವಾಗ ಸುಮ್ಮನಿದ್ದದ್ದು ಅದರ ಮುಂದುವರಿಕೆ.

ಇನ್ನು, ಇಲ್ಲದ ವಸ್ತುವಿಗೂ ಸೇರಿಸಿ ಹಣ ತೆಗೆದುಕೊಂಡಾಗ ಎರಡನೆಯ ಶೀಲವೂ ಮುರಿಯಿತು. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದು ಎಂದರೆ ಇದೇ. ತೂಕದಲ್ಲಿ, ಅಳತೆಯಲ್ಲಿ ಮೋಸ ಮಾಡುವುದನ್ನು ಬುದ್ಧರು ಬ್ರಹ್ಮಜಾಲ ಸುತ್ತದಲ್ಲಿ ಹೆಸರಿಟ್ಟು ಬಿಡಿಸಿದ್ದಾರೆ. ಅಂದಿನ ಸುಳ್ಳು ತಕ್ಕಡಿಯ ಜಾಗದಲ್ಲಿ ಇಂದು ಖಾಲಿ ಸ್ಟೇರಿಂಗ್ ಇದೆ, ಅಷ್ಟೇ.

*2. ತಿಳಿದವನ ಹೊಣೆ*

ಸೇರಿವಾಣಿಜ ಜಾತಕದ ಕತೆ ಕೆಲವರಿಗೆ ಗೊತ್ತಿರಬಹುದು. ಜನ್ಮಾಂತರದ ಮಾತು ಬದಿಗಿಟ್ಟು ಅದರ ನೀತಿ ಮಾತ್ರ ನೋಡೋಣ. ಒಂದು ಕಾಲಕ್ಕೆ ಸಿರಿವಂತವಾಗಿದ್ದ ಮನೆ. ಈಗ ಉಳಿದವರು ಅಜ್ಜಿ ಮತ್ತು ಮೊಮ್ಮಗಳು, ಕೂಲಿ ಮಾಡಿ ಬದುಕುವವರು. ಮನೆಯಲ್ಲಿ ಮಸಿ ಹಿಡಿದ ಒಂದು ಹರಿವಾಣ. ಅದು ಚಿನ್ನದ್ದೆಂದು ಅವರಿಗೇ ಗೊತ್ತಿಲ್ಲ. ಮೊದಲು ಬಂದ ವ್ಯಾಪಾರಿ ಸೂಜಿಯಿಂದ ಗೀರಿ ನೋಡಿ ಚಿನ್ನವೆಂದು ತಿಳಿದುಕೊಂಡ. ಆದರೂ ಇದಕ್ಕೆ ಬೆಲೆಯೇ ಇಲ್ಲ ಎಂದು ಎಸೆದು ಹೋದ, ಆಮೇಲೆ ಪುಕ್ಕಟೆಗೆ ಒಯ್ಯುವ ಲೆಕ್ಕದಲ್ಲಿ. ಎರಡನೆಯ ವ್ಯಾಪಾರಿ ಬಂದು, "ಅಮ್ಮಾ, ಇದು ಲಕ್ಷ ಬಾಳುವ ಹರಿವಾಣ, ನನ್ನ ಹತ್ತಿರ ಅಷ್ಟು ಹಣವಿಲ್ಲ" ಎಂದು ನಿಜ ಹೇಳಿ, ತನ್ನಲ್ಲಿದ್ದ 500 ನಾಣ್ಯ ಮತ್ತು ಸರಕನ್ನು ಅವರಿಗೇ ಕೊಟ್ಟ. ದಾರಿ ಖರ್ಚಿಗೆ ಬರೀ 8 ನಾಣ್ಯ ಇಟ್ಟುಕೊಂಡ.

ಅಜ್ಜಿ ಇದು ಚಿನ್ನವೇ ಎಂದು ಕೇಳಿರಲಿಲ್ಲ. ಕೇಳಲು ಅವಳಿಗೆ ಗೊತ್ತೂ ಇರಲಿಲ್ಲ. ಗೊತ್ತಿಲ್ಲದವರು ಪ್ರಶ್ನೆ ಕೇಳಲಾರರು. ಆದ್ದರಿಂದ ಹೇಳುವ ಹೊಣೆ ತಿಳಿದವನ ಮೇಲೆಯೇ ಬೀಳುತ್ತದೆ. 'ನೀ ಕೇಳಲಿಲ್ಲ' ಎಂಬ ಮಾತು ಧಮ್ಮದ ಮುಂದೆ ನಿಲ್ಲುವುದಿಲ್ಲ.

*3. ಚಾಳೀಸ್‌ಗಾಂವದ ಟಾಂಗಾ*

ಮುಚ್ಚಿಟ್ಟ ಕೊರತೆ ಏನು ಮಾಡುತ್ತದೆ ಎಂಬುದಕ್ಕೆ ಬಾಬಾಸಾಹೇಬರ ಜೀವನದಲ್ಲೇ ಸಾಕ್ಷಿ ಇದೆ. 1929ರ ಅಕ್ಟೋಬರ್ 23ರಂದು ಅವರು ಧುಳೆಯಿಂದ ಮುಂಬಯಿಗೆ ಮರಳುವ ದಾರಿಯಲ್ಲಿ ಚಾಳೀಸ್‌ಗಾಂವದಲ್ಲಿ ಇಳಿದರು. ಮಹಾರವಾಡದ ಜನ ಅವರನ್ನು ಕರೆದೊಯ್ಯಲು ಬಂದಿದ್ದರು. ಆದರೆ ಅಸ್ಪೃಶ್ಯರನ್ನು ಕೂಡಿಸಿಕೊಂಡು ಟಾಂಗಾ ಹೊಡೆಯಲು ಯಾವ ಟಾಂಗಾವಾಲಾನೂ ಒಪ್ಪಲಿಲ್ಲ. ಕೊನೆಗೆ ಟಾಂಗಾ ಮಾತ್ರ ಬಾಡಿಗೆಗೆ ಸಿಕ್ಕಿತು. ಅತಿಥಿಯನ್ನು ನಡೆಸುವುದು ಅವಮಾನವೆಂದು, ಟಾಂಗಾ ಹೊಡೆದು ಗೊತ್ತಿಲ್ಲದ ತಮ್ಮವನೊಬ್ಬನ ಕೈಗೇ ಲಗಾಮು ಕೊಟ್ಟರು. ಸೇತುವೆಯ ಮೇಲೆ ಗಾಲಿ ಸಿಕ್ಕಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದರು, ಕಾಲು ಮುರಿಯಿತು. ನಿಜ ಸಂಗತಿ ಅವರಿಗೆ ತಿಳಿದದ್ದು ಆಮೇಲೆ ವಿಚಾರಿಸಿದಾಗ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಇದನ್ನು ಅವರೇ ಬರೆದಿದ್ದಾರೆ.

ಆ ಜನರ ಮನಸ್ಸಿನಲ್ಲಿ ಮೋಸವಿರಲಿಲ್ಲ, ಪ್ರೀತಿ ಇತ್ತು. ಮೂಲ ತಪ್ಪು ಜಾತಿಯದು. ಆದರೂ ಪ್ರೀತಿಯಿಂದ ಮುಚ್ಚಿಟ್ಟ ಕೊರತೆಯೇ ಇಂಥ ನಾಯಕನ ಜೀವಕ್ಕೆ ಅಪಾಯ ತಂದಿತೆಂದರೆ, ಲಾಭಕ್ಕಾಗಿ ಮುಚ್ಚಿಟ್ಟದ್ದು ಏನೆಲ್ಲ ಮಾಡೀತು? ಮಳೆಗಾಲದ ರಸ್ತೆಯಲ್ಲಿ, ಎದುರು ಲಾರಿ ಬಂದ ಕ್ಷಣದಲ್ಲಿ ಮಾತ್ರ ಗೊತ್ತಾಗುವ ಕೊರತೆ ಅದು.

*4. ಹಾಗಾದರೆ ಸಹಿಸಿಕೊಂಡು ಸುಮ್ಮನಿರಬೇಕೇ?*

ಇಲ್ಲ. ಧಮ್ಮ ದ್ವೇಷ ಬಿಡು ಎನ್ನುತ್ತದೆ, ಹಕ್ಕು ಬಿಡು ಎನ್ನುವುದಿಲ್ಲ. ಮಹಾಡದ ಚವದಾರ ಕೆರೆಯ ನೀರಿಗಾಗಿ 1927ರಲ್ಲಿ ಸತ್ಯಾಗ್ರಹ ಮಾಡಿದ ಬಾಬಾಸಾಹೇಬರು ಅದೇ ಹಕ್ಕಿಗಾಗಿ ನ್ಯಾಯಾಲಯದಲ್ಲೂ ಹೋರಾಡಿ 1937ರಲ್ಲಿ ಹೈಕೋರ್ಟಿನಲ್ಲಿ ಗೆದ್ದರು.

ತಿಳಿದಿರಬೇಕಾದ ಕೆಲವು ಸಂಗತಿಗಳು:

🔹 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಸ್ತುವಿನ ಗುಣಮಟ್ಟದ ಬಗ್ಗೆ ಮಾಹಿತಿ ಪಡೆಯುವುದನ್ನು ಗ್ರಾಹಕರ ಹಕ್ಕು ಎಂದಿದೆ. ಬೇಕೆಂದೇ ಮಾಹಿತಿ ತಡೆಹಿಡಿಯುವುದನ್ನೂ ಅದು ಸೇವಾ ನ್ಯೂನತೆಯಲ್ಲಿ ಸೇರಿಸಿದೆ.
🔹 2 ವರ್ಷದೊಳಗೆ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಮೊದಲ ಸಲಹೆಗೆ 1915 ಸಹಾಯವಾಣಿ ಇದೆ.
🔹 ಪರಿಶಿಷ್ಟ ಜಾತಿಯವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. 1990ರ ತಿದ್ದುಪಡಿಯ ನಂತರ ಬೌದ್ಧರಾದ ನಮಗೂ ಆ ಸ್ಥಾನಮಾನ ಇದೆ.
🔹 2023ರ ಏಪ್ರಿಲ್ 1ರಿಂದ ಹಳೆ ವಾಹನದ ಡೀಲರುಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆದಿರಬೇಕು. ಅದನ್ನು ತೋರಿಸಿ ಎಂದು ಕೇಳಿ.
🔹 ಹಣ ಕೊಡುವ ಮೊದಲು ನಿಮಗೆ ಗೊತ್ತಿರುವ ಮೆಕ್ಯಾನಿಕ್‌ಗೆ ತೋರಿಸಿ. ಕೀ ತಿರುವಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಉರಿದು ಆರಬೇಕು. ಉರಿಯದೇ ಇದ್ದರೆ ಸಂಶಯಪಡಿ. ಸ್ಟೆಪ್ನಿ, ಜಾಕ್ ಕಣ್ಣಿಗೆ ಕಾಣುತ್ತವೆ. ಥರ್ಮೋಸ್ಟಾಟ್, ಸೈಲೆನ್ಸರ್ ಸಾಲಿನ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತಿದ್ದರೆ ಕಾಣುವುದಿಲ್ಲ.
🔹 ಪಾತಿಮೊಕ್ಖದ ಹಾಗೆ ಮೂರು ಸಲ ಕೇಳಿ: ಅಪಘಾತ ಆಗಿದೆಯೇ? ಯಾವ ಭಾಗ ತೆಗೆದಿದ್ದೀರಿ, ಬದಲಿಸಿದ್ದೀರಿ? ಇದನ್ನು ಬರೆದು ಕೊಡುತ್ತೀರಾ?

*5. ಎರಡನೆಯ ಪ್ರಶ್ನೆ*

'ನಾನೂ ಸುಮ್ಮನಿದ್ದು ಮುಂದಿನವನಿಗೆ ಮಾರಲೇ?' ನಿಜವಾದ ಪರೀಕ್ಷೆ ಇಲ್ಲಿದೆ. ಮೋಸ ಹೋದವರಿಗೆ ಇದು ನ್ಯಾಯವೆಂದೇ ತೋರುತ್ತದೆ, ಹೋದ ಹಣ ವಾಪಸ್ಸು ಬಂದರೆ ಸಾಕಲ್ಲ ಎಂದು. ಆದರೆ ಮುಂದಿನವನು ಯಾರು? ಡೀಲರ್ ಅಲ್ಲ. ಇನ್ನೊಬ್ಬ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಇನ್ನೊಬ್ಬ ಮಗ.

ಜಾತಿ ಪದ್ಧತಿ ನಡೆದುಬಂದದ್ದೂ ಹೀಗೆಯೇ. ಮೇಲಿನವರಿಂದ ತಿಂದ ಪೆಟ್ಟನ್ನು ಕೆಳಗಿನವರಿಗೆ ದಾಟಿಸುವುದು ಅದರ ಕ್ರಮ. ಬಾಬಾಸಾಹೇಬರು ನಮಗೆ ಧಮ್ಮ ಕೊಟ್ಟದ್ದು ಆ ಸಾಲಿನಿಂದ ಹೊರಗೆ ಬರಲಿ ಎಂದು. ಒಬ್ಬನೇ ಮನುಷ್ಯನಿದ್ದರೆ ಧಮ್ಮ ಬೇಕಿಲ್ಲ, ಇಬ್ಬರ ಸಂಬಂಧದಲ್ಲಿ ಧಮ್ಮ ಬೇಕೇ ಬೇಕು ಎಂಬುದು ಅವರ ವಿಚಾರ. ಮಾರುವವನು ಮತ್ತು ಕೊಳ್ಳುವವನು, ಅವರೂ ಇಬ್ಬರೇ ಅಲ್ಲವೇ?

ಆ ಕಾರನ್ನು ಮಾರಲೇಬಾರದು ಎಂದಲ್ಲ. ಏರ್‌ಬ್ಯಾಗ್ ಇಲ್ಲ ಎಂದು ಹೇಳಿ, ಬರೆದುಕೊಟ್ಟು, ಅದಕ್ಕೆ ತಕ್ಕಂತೆ ಬೆಲೆ ಇಳಿಸಿ ಮಾರಬಹುದು. ನಷ್ಟವಾಗುತ್ತದೆ, ಅದು ಸಣ್ಣ ನಷ್ಟವೂ ಅಲ್ಲ. ಆ ನಷ್ಟವನ್ನು ಕೇಳಬೇಕಾದದ್ದು ಮೋಸ ಮಾಡಿದವನ ಹತ್ತಿರ, ಏನೂ ಅರಿಯದವನ ಹತ್ತಿರ ಅಲ್ಲ. ಹಣ ಸಿಗುವವರೆಗೆ ಬಳಗದವರು ಅವನ ಜೊತೆ ನಿಲ್ಲಬೇಕು. ದೂರು ಬರೆಯಲು, ಬೆಳಗಾವಿಗೆ ಓಡಾಡಲು ಒಬ್ಬೊಬ್ಬರು ಒಂದೊಂದು ದಿನ ಕೊಟ್ಟರೂ ಸಾಕು. ಶೀಲ ಪಾಲಿಸಿದವನು ಒಬ್ಬಂಟಿಯಾಗಿ ಬಳಲಿದರೆ ಸಂಘಕ್ಕೆ ಶರಣು ಹೋಗುತ್ತೇನೆ ಎಂಬ ನಮ್ಮ ಮಾತಿಗೆ ಅರ್ಥ ಉಳಿಯುವುದಿಲ್ಲ.

ಪಾಪಕ್ಕೆ ನಾಚುವ *ಹಿರಿ*, ಅದರ ಫಲಕ್ಕೆ ಹೆದರುವ *ಒತ್ತಪ್ಪ*, ಇವೆರಡೂ ಲೋಕವನ್ನು ಕಾಯುತ್ತವೆ ಎಂದು ಬುದ್ಧರು ಹೇಳಿದರು. ಅವು ಮನಸ್ಸಿನ ಕೆಂಪು ದೀಪಗಳು. ನಮ್ಮ ಹುಡುಗರಲ್ಲಿ ಮೆಕ್ಯಾನಿಕ್‌ಗಳಿದ್ದಾರೆ, ಡ್ರೈವರ್‌ಗಳಿದ್ದಾರೆ, ಗಾಡಿ ಕೊಡಿಸುವ ಏಜೆಂಟರಿದ್ದಾರೆ. ಅವರಿಗೆ ಈ ಮಾತು ವಿಶೇಷವಾಗಿ ಮುಟ್ಟಲಿ.

☸️ *ಇಂದಿನ ಸಂಕಲ್ಪ:* ನಾನು ಮಾರುವ, ಕೊಡುವ, ಕೊಡಿಸುವ ಯಾವುದೇ ವಸ್ತುವಿನ ಕೊರತೆಯನ್ನು ಎದುರಿನವರು ಕೇಳುವ ಮೊದಲೇ ಹೇಳುತ್ತೇನೆ.

ಎಲ್ಲರಿಗೂ ಮಂಗಳವಾಗಲಿ.

*ನಮೋ ಬುದ್ಧಾಯ! ಜೈ ಭೀಮ್!* 💙