ಕಿವಿ ಮುಚ್ಚಿದರೆ ಲೋಕ ದೂರವಾಗುತ್ತದೆಯೇ?

ಆಷಾಢದ ಗಾಳಿ ಎದ್ದಾಗ ನಾಗಮಂಗಲದಿಂದ ಪಾಂಡವಪುರದ ಕಡೆ ಬೈಕಿನಲ್ಲಿ ಹೊರಟವರಿಗೆ ಹೆಲ್ಮೆಟ್ಟಿನೊಳಗಿನ ಭೋರ್ಗರೆತ ಹೊಸದಲ್ಲ. ಊರೊಳಗಿನ ನಿಧಾನದಲ್ಲಿ ಎಂಜಿನ್ನಿನ ಸದ್ದೇ ಮುಂದು. ವೇಗ 60 ಕಿಲೋಮೀಟರ್ ದಾಟಿತೆಂದರೆ ಎಂಜಿನ್ ಎಲ್ಲೋ ಅಡಗಿಹೋಗಿ ಕಿವಿ ತುಂಬ ಗಾಳಿಯೊಂದೇ ಉಳಿಯುತ್ತದೆ. ಕೆ.ಆರ್. ಪೇಟೆಯಿಂದ ಚಿನಕುರಳಿ ಮೇಲೆ ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ಮೈಸೂರಿಗೆ ದಿನಾ ಹೋಗಿಬರುವವನು ಸಂಜೆ ಮನೆ ಸೇರಿದ ಮೇಲೂ ಕಿವಿಯಲ್ಲಿ ಅದರ ಗುಂಯ್‌ಗುಡುವಿಕೆ ನಿಂತಿರುವುದಿಲ್ಲ. ಇದಕ್ಕೆ ಸವಾರರು ಕಂಡುಕೊಂಡ ಅಗ್ಗದ ಮದ್ದು ಸ್ಪಂಜಿನ ಇಯರ್‌ಪ್ಲಗ್. ಅದನ್ನು ಕಂಡ ಕೂಡಲೇ ಮನೆಯ ಹಿರಿಯರು ಕೇಳುವುದೂ ಒಂದೇ: ‘ಕಿವಿ ಮುಚ್ಕಂಡು ಗಾಡಿ ಓಡುಸ್ತೀಯೇನ್ಲಾ? ಹಿಂದ್ಲಿಂದ ಲಾರಿ ಬಂದ್ರೆ ಹೆಂಗೆ?’

ಈ ಪ್ರಶ್ನೆ ರಸ್ತೆಗಷ್ಟೇ ಸೇರಿದ್ದಲ್ಲ. ಲೋಕದ ನಡುವೆ ಇದ್ದುಕೊಂಡೇ ಒಂದು ಇಂದ್ರಿಯದ ಬಾಗಿಲು ಮುಚ್ಚುವುದು ಸರಿಯೇ, ಅದರಿಂದ ಮನುಷ್ಯ ನಿಜಕ್ಕೆ ಹತ್ತಿರವಾಗುತ್ತಾನೋ ದೂರವಾಗುತ್ತಾನೋ ಎಂದು ಈ ಸೀಮೆಯ ಮಠ, ಬಸದಿ, ಪಾಠಶಾಲೆಗಳಲ್ಲಿ ಶತಮಾನಗಳಿಂದ ವಿಚಾರ ನಡೆದಿದೆ.

ಮೊದಲು ಲೆಕ್ಕ. ಸವಾರರ ಕಿವಿಯ ಬಳಿಯೇ ಮೈಕ್ ಇಟ್ಟು ಬ್ರಿಟನ್ನಿನಲ್ಲಿ ಅಳೆದಾಗ 60 ಕಿ.ಮೀ. ವೇಗದಲ್ಲಿ ಸುಮಾರು 90 ಡೆಸಿಬೆಲ್, 160ರಲ್ಲಿ 110 ಡೆಸಿಬೆಲ್ ಸದ್ದು ದಾಖಲಾಗಿದೆ. ಕಾರ್ಖಾನೆಯ ಕೆಲಸಗಾರರಿಗೆ ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆ ಶಿಫಾರಸು ಮಾಡಿರುವ ಮಿತಿ ದಿನಕ್ಕೆ 8 ಗಂಟೆ, ಅದೂ 85 ಡೆಸಿಬೆಲ್ಲಿನಲ್ಲಿ. ಮೇಲೆ 3 ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕಿಳಿಯುತ್ತದೆ: 91ಕ್ಕೆ 2 ಗಂಟೆ, 100ಕ್ಕೆ ಬರೀ 15 ನಿಮಿಷ. ಒಳಗಿವಿಯಲ್ಲಿ ಹುಟ್ಟಿನಿಂದ ಬಂದ ರೋಮಕೋಶಗಳು ಸುಮಾರು 15,000. ಸತ್ತ ಕೋಶ ಮತ್ತೆ ಚಿಗುರುವುದಿಲ್ಲ.

ಆದರೆ ಈ ಸದ್ದು ಬರುವುದಾದರೂ ಎಲ್ಲಿಂದ? ವಿಚಾರ ರುಚಿಗಟ್ಟುವುದು ಇಲ್ಲಿಯೇ. ಬಯಲ ಮೇಲೆ ತಡೆಯಿಲ್ಲದೆ ಸಾಗುವ ಗಾಳಿಗೆ ಹೆಚ್ಚು ಸದ್ದಿಲ್ಲ. ಓಡುವ ಹೆಲ್ಮೆಟ್ ಅದನ್ನು ಸೀಳಿದಾಗ ಅಂಚುಗಳಲ್ಲಿ ಸುಳಿಗಳು ಹುಟ್ಟುತ್ತವೆ. ಆ ಸುಳಿಗಳ ಏರಿಳಿವ ಒತ್ತಡವೇ ಕಿವಿಗೆ ಭೋರ್ಗರೆತ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಮೈಕೆಲ್ ಕಾರ್ಲಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸದ್ದಿನ ಮುಖ್ಯ ತಾಣವನ್ನೂ ತೋರಿಸಿತು: ಗಲ್ಲದ ಪಟ್ಟಿಯ ಆಸುಪಾಸು ಮತ್ತು ಹೆಲ್ಮೆಟ್ಟಿನ ಕೆಳಗಿನ ತೆರಪು. ಅಂದರೆ ಸವಾರ ಕೇಳುತ್ತಿರುವುದು ಲೋಕದ ದನಿಯನ್ನಲ್ಲ, ತನ್ನ ತಲೆ ತನ್ನ ವೇಗದಿಂದ ತಾನೇ ಎಬ್ಬಿಸಿಕೊಂಡ ಗದ್ದಲವನ್ನು. ಬೈಕ್ ನಿಲ್ಲಿಸಿದರೆ ಅದೂ ಇಲ್ಲ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸಂಸ್ಕೃತ ಸಂಶೋಧನ ಸಂಸತ್ತು ಇದೆ, ಹಳೆಯ ಪಾಠಶಾಲೆಯ ಪರಂಪರೆ ಇದೆ. ಅಂಥ ಊರುಗಳಲ್ಲಿ ಓದುವ ಶಾಸ್ತ್ರಗಳು ಸದ್ದಿನ ಬಗ್ಗೆ ಹಟ ಹಿಡಿದು ಜಗಳವಾಡಿವೆ. ಮೀಮಾಂಸಕರಿಗೆ ಶಬ್ದ ನಿತ್ಯ, ಅದಕ್ಕೆ ಹುಟ್ಟಿಲ್ಲ; ಬಾಯಿಂದ ಹೊರಟ ಗಾಳಿ ನಿಂತ ಗಾಳಿಯನ್ನು ತಾಗುತ್ತ, ಬಿಡುತ್ತ ಕಿವಿಯವರೆಗೆ ಸಾಗಿ, ಇದ್ದ ಶಬ್ದವನ್ನೇ ತೆರೆದು ತೋರಿಸುತ್ತದೆ. ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಶಬ್ದ ಆಕಾಶದ ಗುಣ, ಹುಟ್ಟಿ ಸಾಯುವಂಥದು. ನೀರಿನಲ್ಲಿ ಅಲೆಯಿಂದ ಅಲೆ ಏಳುವಂತೆ ಒಂದು ಶಬ್ದ ಇನ್ನೊಂದನ್ನು ಹೆತ್ತು, ಕೊನೆಯದು ಮಾತ್ರ ಕಿವಿಗೆ ಸಿಗುತ್ತದೆ. ಕೇಳುವ ಇಂದ್ರಿಯವೂ ಅವರಿಗೆ ಬೇರೆ ವಸ್ತುವಲ್ಲ. ಕಿವಿಯ ಗೂಡಿನೊಳಗೆ ಸಿಕ್ಕ ತುಣುಕು ಆಕಾಶವೇ ಶ್ರೋತ್ರ. ಹೆಲ್ಮೆಟ್ ತೊಟ್ಟವನ ಪಾಡಿಗೆ ಈ ಎರಡೂ ವಾದ ಸೊಗಸಾಗಿ ಒದಗುತ್ತವೆ. ಮೀಮಾಂಸಕರ ಹಾದಿಯಲ್ಲಿ ಹೋದರೆ, ಗಾಳಿಯೇ ಶಬ್ದವಲ್ಲ, ಅದು ವಾಹಕ. ವಾಹಕ ಕೆರಳಿದರೆ ಹೇಳಬೇಕಾದ್ದು ಮುಚ್ಚಿಹೋಗುತ್ತದೆ. ನೈಯಾಯಿಕರ ಹಾದಿಯಲ್ಲಿ, ಕೇಳುವುದಕ್ಕೆ ಕಿವಿಯೊಳಗೆ ಒಂದಿಷ್ಟು ಬಯಲು ಬೇಕೇ ಬೇಕು.

ಆ ಬಯಲನ್ನು ಸಾಧನೆಯ ನೆಲವನ್ನಾಗಿ ಮಾಡಿಕೊಂಡವರು ನಾಥರು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಕಾಲಭೈರವೇಶ್ವರನ ಕ್ಷೇತ್ರ, ನಾಥ ಪರಂಪರೆಯ ಪೀಠ. 71ನೆಯ ಪೀಠಾಧಿಪತಿ ಬಾಲಗಂಗಾಧರನಾಥ ಸ್ವಾಮೀಜಿ 2013ರಲ್ಲಿ ಕಾಲವಾದ ಮೇಲೆ ಪೀಠಕ್ಕೆ ಬಂದವರು ನಿರ್ಮಲಾನಂದನಾಥ ಸ್ವಾಮೀಜಿ. ಉತ್ತರದ ನಾಥಯೋಗಿಗಳಲ್ಲಿ ದೀಕ್ಷೆಯ ಗುರುತೇ ಕಿವಿಯದು: ಆಲಿಕೆಯ ನಡುವನ್ನು ಸೀಳಿ ದೊಡ್ಡ ಕುಂಡಲ ತೊಡಿಸುತ್ತಾರೆ. ಈ ಪರಂಪರೆಯಲ್ಲಿ ಬೆಳೆದ ಹಠಯೋಗಕ್ಕೆ 15ನೆಯ ಶತಮಾನದ ಸ್ವಾತ್ಮಾರಾಮ ಬರೆದ ‘ಹಠಯೋಗಪ್ರದೀಪಿಕೆ’ ಆಧಾರಗ್ರಂಥ. ಅದರ ಕೊನೆಯ ಭಾಗದಲ್ಲಿ ನಾದಾನುಸಂಧಾನದ ವಿಧಾನವಿದೆ. ಸಾಧಕ ಬೆರಳಿಂದ ಕಿವಿ ಮುಚ್ಚಿ ಒಳಗಿನ ದನಿಗೆ ಮನಸ್ಸು ಕೊಡಬೇಕು. ಮೊದಲು ಕೇಳುವುದು ಕಡಲು, ಮೋಡ, ಭೇರಿಯಂಥ ದೊಡ್ಡ ಮೊರೆತ. ಅಭ್ಯಾಸ ಬಲಿತಂತೆ ಮದ್ದಳೆ, ಶಂಖ, ಗಂಟೆ. ಕೊನೆಗೆ ಗೆಜ್ಜೆ, ಕೊಳಲು, ವೀಣೆ, ದುಂಬಿ. ದೊಡ್ಡ ಸದ್ದು ಇರುವಾಗಲೂ ಅದರ ಹಿಂದಿನ ಸಣ್ಣದನ್ನೇ ಹುಡುಕು ಎನ್ನುವುದು ಆ ವಿಧಾನದ ತಿರುಳು. ಕಿವಿ ಮುಚ್ಚುವುದು ಅಲ್ಲಿ ಕೇಳುವಿಕೆಯ ಕೊನೆಯಲ್ಲ, ಆರಂಭ.

ಇದನ್ನು ಹಾಗೆಯೇ ನಂಬಬೇಕೆಂದಿಲ್ಲ. ದೇವರಿದ್ದಾನೆಂಬುದನ್ನು ಒಪ್ಪದೆ, ಪುರಾವೆ ಕೇಳುತ್ತ 1991ರಲ್ಲಿ ‘ದೇವರು’ ಎಂಬ ಪುಸ್ತಕ ಬರೆದ ಎ.ಎನ್. ಮೂರ್ತಿರಾವ್ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರು. ಪ್ರಶ್ನಿಸುವ ಆ ಹಾದಿಯೂ ಈ ಮಣ್ಣಿನದೇ. ಒಳಗಿನ ದನಿಗೂ ಹಾಗೆ ಪುರಾವೆ ಕೇಳಬಹುದು. ಹೆಲರ್ ಮತ್ತು ಬರ್ಗ್‌ಮನ್ ಎಂಬಿಬ್ಬರು ಸಂಶೋಧಕರು 1953ರಲ್ಲಿ ಕಿವಿ ಚೆನ್ನಾಗಿದ್ದ 80 ಜನರನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ವಿಚಾರಿಸಿದರು. ಶೇಕಡ 94 ಮಂದಿ ಗುಂಯ್ ಎಂದೋ, ಕಿಣಿಕಿಣಿ ಎಂದೋ ಏನೋ ಒಂದನ್ನು ಕೇಳಿದ್ದರು. ಒಳಗಿನ ದನಿ ಯೋಗಿಯ ಸೊತ್ತಲ್ಲ, ಮೈಯ ಸಹಜ ಸ್ಥಿತಿ ಎಂದು ಸಂಶಯವಾದಿ ಹೇಳಬಹುದು. ಯೋಗಿಗೂ ಅದರಿಂದ ನಷ್ಟವಿಲ್ಲ. ಎಲ್ಲರೊಳಗೂ ಇದೆ ಎಂದು ಅವನೂ ಹೇಳಿದ್ದೇ ಹೌದು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಸಾಧಕ ಮೌನದಲ್ಲಿ ಕೂತು ಕೇಳುವ ದನಿ ಬೇರೆ, ಎರಡು ಗಂಟೆ ಬೈಕ್ ಓಡಿಸಿ ಇಳಿದವನ ಕಿವಿಯ ಗುಂಯ್‌ಗುಟ್ಟುವಿಕೆ ಬೇರೆ. ಎರಡನೆಯದು ಪೆಟ್ಟಿನ ಗುರುತು. ಸದ್ದಿನ ಹಾನಿ ಸಾಮಾನ್ಯವಾಗಿ ಮೊದಲು ತಾಗುವುದು 4,000 ಹರ್ಟ್ಸ್ ಆಸುಪಾಸಿನ ಎತ್ತರದ ದನಿಗಳಿಗೆ. ಮಾತಿನ ಗಾತ್ರ ಕೇಳುತ್ತದೆ, ಆದರೆ ‘ಸ’ ಯಾವುದು ‘ಶ’ ಯಾವುದು ಎಂಬ ಅಂಚು ಮಸುಕಾಗುತ್ತದೆ. ಮಕ್ಕಳ ಮಾತು, ಹಕ್ಕಿಯ ಕೂಗು ಮೊದಲು ಹೋಗುತ್ತವೆ. ಶ್ರೀರಂಗಪಟ್ಟಣದ ಮಗ್ಗುಲಲ್ಲೇ ರಂಗನತಿಟ್ಟು ಪಕ್ಷಿಧಾಮ ಇದ್ದೂ ಅದರ ದನಿ ಕೇಳಿಸದ ಸ್ಥಿತಿ ಅದು. ಗುಂಯ್‌ಗುಟ್ಟುವುದು ಮರುದಿನಕ್ಕೂ ನಿಲ್ಲದಿದ್ದರೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ತೋರಿಸಬಹುದು. ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ ಈ ನಾಲ್ಕೂ ತಾಲ್ಲೂಕಿಗೆ ಅದು ದೂರವೇನಲ್ಲ.

ಇನ್ನು ಹಿರಿಯರ ಆಕ್ಷೇಪಣೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಅದರ ಹಿಂದೆ ಇರುವುದು ಅಹಿಂಸೆಯ ಪ್ರಶ್ನೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ ಇದೆ. ಜೈನ ಮುನಿಗೆ ಈರ್ಯಾ ಸಮಿತಿ ಎಂಬ ನಿಯಮ: ಒಂದು ನೊಗದಷ್ಟು, ಸುಮಾರು ನಾಲ್ಕು ಮೊಳ ನೆಲವನ್ನು ಮುಂದೆ ನೋಡುತ್ತ, ಹುಳುಹುಪ್ಪಟೆಗೂ ನೋವಾಗದಂತೆ ಹೆಜ್ಜೆ ಇಡಬೇಕು. ಗಂಟೆಗೆ 60 ಕಿ.ಮೀ. ಓಡುವವನು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ದಾಟಿರುತ್ತಾನೆ. ಅವನ ನೊಗ ಅಷ್ಟು ಉದ್ದವಾಗಬೇಕು, ಅವನ ಕಿವಿಗೂ ಅಷ್ಟೇ ಹೊಣೆ.

ಹಾಗಾದರೆ ಪ್ಲಗ್ ಆ ಹೊಣೆಗೆ ಅಡ್ಡಿಯೇ? ವೇಗದಲ್ಲಿ ಅಡ್ಡಿಯಲ್ಲ ಎನ್ನುತ್ತದೆ ಶ್ರವಣವಿಜ್ಞಾನ. ಸ್ಪಂಜಿನ ಪ್ಲಗ್ ಸರಿಯಾಗಿ ಕೂತರೆ 20ರಿಂದ 30 ಡೆಸಿಬೆಲ್ ಇಳಿಸುತ್ತದೆ, ಗಾಳಿಯನ್ನೂ ಹಾರನ್ನನ್ನೂ ಒಟ್ಟಿಗೆ. ಎರಡರ ನಡುವಿನ ಅಂತರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅತಿ ಸದ್ದಿನಿಂದ ಕಂಗೆಟ್ಟ ಕಿವಿಗಿಂತ ಸಮಾಧಾನದ ಕಿವಿ ಅವುಗಳನ್ನು ಚೆನ್ನಾಗಿ ಬೇರ್ಪಡಿಸಬಲ್ಲದು, ದಣಿವೂ ಕಡಿಮೆ. ಶ್ರೀರಂಗಪಟ್ಟಣದ ಕೋಟೆಯೊಳಗೆ, ಸಂತೆಯ ದಿನ ಕೆ.ಆರ್. ಪೇಟೆಯ ಬೀದಿಯಲ್ಲಿ 20ರ ವೇಗದಲ್ಲಿ ಸಾಗುವಾಗ ಮಾತ್ರ ಲೆಕ್ಕ ತಿರುಗುತ್ತದೆ. ಅಲ್ಲಿ ಮುಚ್ಚಬೇಕಾದ ಗಾಳಿಯೇ ಇಲ್ಲ. ಕೇಳಬೇಕಾದ್ದು ಮಗುವಿನ ಓಟ, ಎತ್ತಿನ ಗೊರಸು, ಸೈಕಲ್ಲಿನ ಗಂಟೆ. ಊರು ಬಂತೆಂದರೆ ಪ್ಲಗ್ ತೆಗೆಯುವುದೇ ಸರಿ.

ತೊಣ್ಣೂರು, ಮೇಲುಕೋಟೆಗಳಲ್ಲಿ ವರ್ಷಗಟ್ಟಲೆ ನೆಲೆಸಿದ್ದ ರಾಮಾನುಜರ ಬಗ್ಗೆ ಗುರುಪರಂಪರೆ ಹೇಳುವ ಕತೆ ಇಲ್ಲಿ ನೆನಪಾಗಬೇಕು. ತಿರುಕ್ಕೋಷ್ಟಿಯೂರಿನ ಗುರು ಗುಟ್ಟಾಗಿ ಕೊಟ್ಟ ಉಪದೇಶವನ್ನು ಅವರು ಗೋಪುರವೇರಿ ಎಲ್ಲರಿಗೂ ಕೇಳುವಂತೆ ಸಾರಿದರಂತೆ. ಅವರ ದರ್ಶನದಲ್ಲಿ ಜಗತ್ತು ಮಿಥ್ಯೆಯಲ್ಲ, ಭಗವಂತನ ಶರೀರ. ಹಾಗೆ ನೋಡಿದರೆ ಕಿವಿಯನ್ನು ಜಗತ್ತಿಗೆ ಮುಚ್ಚುವುದು ತಪ್ಪು. ತನ್ನದೇ ಗದ್ದಲಕ್ಕೆ ಮುಚ್ಚಿ ಜಗತ್ತಿಗೆ ತೆರೆದಿಡುವುದು ತಪ್ಪಲ್ಲ.

ಪ್ಲಗ್ ಒಂದೇ ದಾರಿಯೂ ಅಲ್ಲ. ತಲೆಗೆ ಬಿಗಿಯಾಗಿ ಕೂರುವ ಪೂರ್ತಿ ಮುಖದ ಹೆಲ್ಮೆಟ್ ಬೇಕು, ಗಾಜು ಸಂದಿಲ್ಲದೆ ಮುಚ್ಚಬೇಕು. ಬಾತ್‌ನವರು ತೋರಿಸಿದ ಗಲ್ಲದ ಕೆಳಗಿನ ತೆರಪಿಗೆ ಗಲ್ಲದ ಪರದೆ ಹಾಕಬಹುದು, ಕತ್ತಿಗೆ ಸುತ್ತಿ ಜಾಕೆಟ್ಟಿನೊಳಗೆ ಸಿಕ್ಕಿಸಿದ ಬಟ್ಟೆಯೂ ಆದೀತು. ಮುಂದೆ ಗಾಜಿನ ತಡೆ ಹಾಕಿಸಿದರೆ ಒಳ್ಳೆಯದೆಂಬ ನಂಬಿಕೆ ಎಲ್ಲ ಸಲವೂ ನಿಜವಲ್ಲ. ಅದರ ಅಂಚಿನಿಂದ ಎದ್ದ ಸುಳಿಗಾಳಿ ನೇರ ಹೆಲ್ಮೆಟ್ಟಿಗೆ ಬಡಿದರೆ ಸದ್ದು ಹೆಚ್ಚುತ್ತದೆ. ಇನ್ನು ಹಿಂದೆ ಕೂತವರ ಮಾತು. ಕರ್ನಾಟಕದಲ್ಲಿ 2016ರಿಂದ ಅವರಿಗೂ ಹೆಲ್ಮೆಟ್ ಕಡ್ಡಾಯ, ಮತ್ತು ಸವಾರನ ಭುಜ ಕಲಕಿದ ಗಾಳಿ ಮೊದಲು ಬಡಿಯುವುದು ಅವರ ತಲೆಗೆ. ಅಮಾವಾಸ್ಯೆಗೆ ಚುಂಚನಗಿರಿಗೆ ಹೊರಟ ಗಂಡ ತನ್ನ ಕಿವಿಗೆ ಪ್ಲಗ್ ಇಟ್ಟುಕೊಳ್ಳುವಾಗ ಹೆಂಡತಿಗೂ ಒಂದು ಜೊತೆ ಕೊಡಬೇಕು. ಹೊಸೆದು ತೆಳ್ಳಗೆ ಮಾಡಿ, ಕಿವಿಯ ಆಲಿಕೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಸ್ಪಂಜು ಉಬ್ಬುವವರೆಗೆ ಬೆರಳಿನಿಂದ ಒತ್ತಿ ಹಿಡಿಯುವುದನ್ನೂ ಹೊರಡುವ ಮುಂಚೆ ಮನೆಯಲ್ಲೇ ಹೇಳಿಕೊಡಬೇಕು.